ಹಳೆಯ ಕೆಲಸವೇ ಮೊದಲ ಶಿಫಾರಸು

ಮಂಡ್ಯದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕರ ಹುದ್ದೆಗೆ ನಾನು ಕೊಟ್ಟ ಮೊದಲ ಸಂದರ್ಶನ ಹತ್ತು ನಿಮಿಷವೂ ನಡೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಫೈಲಿನಲ್ಲಿ ಸಾಲಾಗಿ ಜೋಡಿಸಿದ ಅಂಕಪಟ್ಟಿಗಳು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಿ ಪಡೆದ ಗ್ರಂಥಾಲಯ ವಿಜ್ಞಾನದ ಪದವಿ, ಎಲ್ಲವೂ ಸರಿಯಾಗಿದ್ದವು. ಮೇಜಿನ ಆಚೆ ಕುಳಿತಿದ್ದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಈಗ ಏನು ಕೆಲಸ ಮಾಡ್ತಿದ್ದೀರಿ?"

"ಮದ್ದೂರಿನ ಹತ್ರ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಟೋರ್ಸ್ ನೋಡ್ಕೋತೀನಿ ಸಾರ್. ಅದು ಬಿಡಿ ಸಾರ್, ನನಗೆ ಚಿಕ್ಕಂದಿನಿಂದ ಪುಸ್ತಕ ಅಂದ್ರೆ ಪ್ರಾಣ."

ಅವರು ಮೃದುವಾಗಿಯೇ ಹೇಳಿದರು: "ಪುಸ್ತಕ ಅಂದ್ರೆ ಪ್ರಾಣ ಅನ್ನೋರು ಹೊರಗಡೆ ಇನ್ನೂ ಹನ್ನೊಂದು ಜನ ಕೂತಿದ್ದಾರೆ. ಬೇರೆ ಏನಾದರೂ ಹೇಳೋದು ಇದೆಯಾ?"

ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ. ಸಂಜೆಯ ರೈಲಿನಲ್ಲಿ ಮದ್ದೂರಿಗೆ ವಾಪಸು ಬರುವಾಗ ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ನೋಡುತ್ತ ಕುಳಿತೆ. ನಾನೇ ಆಡಿದ 'ಅದು ಬಿಡಿ ಸಾರ್' ಎಂಬ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಮೊಳಗುತ್ತಿತ್ತು. ಒಂಬತ್ತು ವರ್ಷ ಅನ್ನ ಕೊಟ್ಟ ಕೆಲಸವನ್ನು, ಆ ಒಂಬತ್ತು ವರ್ಷದಲ್ಲಿ ನಾನು ಕಲಿತದ್ದನ್ನು, ನಾನೇ ಒಂದು ಮಾತಿನಲ್ಲಿ ಎತ್ತಿ ಹೊರಗೆ ಹಾಕಿದ್ದೆ. ನನ್ನನ್ನು ಉಳಿದ ಹನ್ನೊಂದು ಜನರಿಂದ ಬೇರೆಯಾಗಿ ತೋರಿಸಬಹುದಾಗಿದ್ದದ್ದು ಅದೊಂದೇ ಆಗಿತ್ತು.

ಒಂದು ಕೆಲಸದಲ್ಲಿದ್ದುಕೊಂಡು ಇನ್ನೊಂದು ಬಗೆಯ ಕೆಲಸಕ್ಕೆ, ಅದರಲ್ಲೂ ಗ್ರಂಥಾಲಯದ ಕೆಲಸಕ್ಕೆ ಪ್ರಯತ್ನಿಸುತ್ತಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳಬೇಕಾಗಿರುವುದು ಇಷ್ಟೆ: ನಿಮ್ಮ ಹಳೆಯ ಕೆಲಸವನ್ನು ಬಚ್ಚಿಡಬೇಡಿ. ಅದನ್ನು ನೀವು ಹೇಗೆ ಮಾಡಿದಿರಿ, ಹೇಗೆ ಮಾಡುತ್ತಿದ್ದೀರಿ, ಹೇಗೆ ಬಿಟ್ಟು ಹೊರಡುತ್ತೀರಿ ಎಂಬುದೇ ನಿಮ್ಮ ಪರವಾಗಿ ಮಾತನಾಡುವ ಮೊದಲ ಶಿಫಾರಸು.

ಗಣಿತದ ಮೇಷ್ಟರು ಗ್ರಂಥಪಾಲಕರಾದರು

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ನಾವು ಕರೆಯುವ ಎಸ್. ಆರ್. ರಂಗನಾಥನ್ ಅವರೂ ಬೇರೆ ಕ್ಷೇತ್ರದಿಂದ ಬಂದವರೇ. ಅವರು ಗಣಿತದ ಅಧ್ಯಾಪಕರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಆಮೇಲೆ ಕೊಯಮತ್ತೂರಿನಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು. ಮದರಾಸು ವಿಶ್ವವಿದ್ಯಾನಿಲಯ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ಅವರೂ ಒಂದು ಅರ್ಜಿ ಹಾಕಿದರು. ಸಂದರ್ಶನದ ಕರೆ ಬರುವ ಹೊತ್ತಿಗೆ ಅರ್ಜಿ ಹಾಕಿದ್ದೇ ಅವರಿಗೆ ಮರೆತುಹೋಗಿತ್ತು. ಗ್ರಂಥಾಲಯದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸಂದರ್ಶನಕ್ಕೆ ಕೆಲವೇ ದಿನ ಮುಂಚೆ ವಿಶ್ವಕೋಶವೊಂದರಲ್ಲಿ ಓದಿಕೊಂಡ ಲೇಖನದಷ್ಟು ಮಾತ್ರ. ಅವರಿಗೆ ಮಾತಿನಲ್ಲಿ ತೊದಲು ಬೇರೆ ಇತ್ತು. ಆದರೂ 1924ರ ಜನವರಿಯಲ್ಲಿ ಆ ಹುದ್ದೆ ಅವರದಾಯಿತು. ಗಣಿತದಲ್ಲಿ ಅವರು ಮಾಡಿದ್ದ ಸಂಶೋಧನೆಯೇ ಆಯ್ಕೆ ಮಾಡಿದವರ ಕಣ್ಣಿಗೆ ಅರ್ಹತೆಯಾಗಿ ಕಂಡಿತು.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿ ಒಂಟಿತನ, ಬೇಸರ ಕಾಡಿ ಅವರು ಮತ್ತೆ ಪಾಠ ಹೇಳುವ ಕೆಲಸಕ್ಕೇ ಹೋಗುತ್ತೇನೆಂದು ಹೊರಟಿದ್ದರು. ಲಂಡನ್ನಿಗೆ ಹೋಗಿ ಗ್ರಂಥಾಲಯಗಳನ್ನು ನೋಡಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ಪಾಠದ ಕೆಲಸಕ್ಕೆ ವಾಪಸು ಬರಬಹುದು ಎಂದು ಒಪ್ಪಂದವಾಯಿತು. ಅಲ್ಲಿ ಅವರು ಒಂದಾದ ಮೇಲೊಂದು ಗ್ರಂಥಾಲಯ ಸುತ್ತಿದರು. ಜನ ಹೇಗೆ ಬರುತ್ತಾರೆ, ಏನು ಕೇಳುತ್ತಾರೆ, ಪುಸ್ತಕ ಅವರ ಕೈಗೆ ಹೇಗೆ ಸೇರುತ್ತದೆ ಎಂದು ನೋಡಿದರು. ಹಿಂತಿರುಗಿದ ಮೇಲೆ ಪಾಠದ ಕೆಲಸದ ಮಾತೇ ಎತ್ತಲಿಲ್ಲ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ 1931ರಲ್ಲಿ, ಕೋಲನ್ ವರ್ಗೀಕರಣ 1933ರಲ್ಲಿ ಬಂದವು. ಒಂದು ವಿಷಯವನ್ನು ಅದರ ಅಂಗಗಳಾಗಿ ಬಿಡಿಸಿ, ಚಿಹ್ನೆಗಳಿಂದ ಮತ್ತೆ ಜೋಡಿಸುವ ಆ ವರ್ಗೀಕರಣದಲ್ಲಿ ಗಣಿತದ ಮೇಷ್ಟರು ಎದ್ದು ಕಾಣುತ್ತಾರೆ. ಹಳೆಯ ವಿದ್ಯೆಯನ್ನು ಅವರು ಹೊಸ್ತಿಲಾಚೆ ಬಿಟ್ಟು ಒಳಗೆ ಬರಲಿಲ್ಲ, ಜೊತೆಯಲ್ಲೇ ತಂದರು. ಮುಂದೆ ಅವರು ನಮ್ಮ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ತೀರಿಕೊಂಡರು.

ನನಗೆ ಈ ಕಥೆಯಲ್ಲಿ ಎರಡು ಧೈರ್ಯ ಸಿಗುತ್ತವೆ. ಹೊರಗಿನಿಂದ ಬಂದವರು ಗ್ರಂಥಾಲಯಕ್ಕೆ ಪರಕೀಯರಲ್ಲ ಎಂಬುದು ಒಂದು. ಮೊದಲ ತಿಂಗಳ ಬೇಸರವನ್ನು ಕೊನೆಯ ತೀರ್ಪೆಂದು ತಿಳಿಯಬಾರದು ಎಂಬುದು ಇನ್ನೊಂದು.

ಬಿನ್ ಕಾರ್ಡು ಕಲಿಸಿದ ಪಾಠ

ಆ ರೈಲು ಪ್ರಯಾಣದ ಮರುದಿನವೇ ನಾನು ನೂರು ಪುಟದ ಒಂದು ನೋಟ್‌ಬುಕ್ ತಂದೆ. ಪ್ರತಿ ಸಂಜೆ ಎಡಗಡೆ ಪುಟದಲ್ಲಿ ಆ ದಿನ ಸ್ಟೋರ್ಸ್‌ನಲ್ಲಿ ಮಾಡಿದ ಒಂದು ಕೆಲಸ ಬರೆಯುವುದು, ಬಲಗಡೆ ಗ್ರಂಥಾಲಯದಲ್ಲಿ ಅದಕ್ಕೆ ಸಮನಾದ ಕೆಲಸ ಬರೆಯುವುದು. ಇಷ್ಟೇ ಅಭ್ಯಾಸ.

ನಮ್ಮ ಸ್ಟೋರ್ಸ್‌ನಲ್ಲಿ ಗುಂಡಿ, ಜಿಪ್, ದಾರದ ಕೋನು, ಲೇಬಲ್, ಎಲಾಸ್ಟಿಕ್ ಎಲ್ಲವೂ ರ‍್ಯಾಕುಗಳಲ್ಲಿ ಇರುತ್ತಿದ್ದವು. ಪ್ರತಿ ಡಬ್ಬಿಯ ಮುಂದೆ ಒಂದು ಬಿನ್ ಕಾರ್ಡು ತೂಗುತ್ತಿತ್ತು. ಬಂದದ್ದೆಷ್ಟು, ಹೋದದ್ದೆಷ್ಟು, ಬಾಕಿ ಎಷ್ಟು, ಕೊಟ್ಟವರ ಸಹಿ. ಹೊಸ ಮಾಲು ಬಂದರೆ ಮೊದಲು ರಿಜಿಸ್ಟರಿಗೆ ಏರಿಸಿ ನಂಬರು ಕೊಡಬೇಕು, ಆಮೇಲೇ ರ‍್ಯಾಕಿಗೆ. ಗ್ರಂಥಾಲಯದ ಅಕ್ಸೆಷನ್ ರಿಜಿಸ್ಟರ್ ಮಾಡುವುದೂ ಇದನ್ನೇ. ವರ್ಷಕ್ಕೊಮ್ಮೆ ನಾವು ಮಾಡುತ್ತಿದ್ದ ಸ್ಟಾಕ್ ಟೇಕಿಂಗು ಅಲ್ಲಿ ಸ್ಟಾಕ್ ವೆರಿಫಿಕೇಷನ್. ಇಲ್ಲಿನ ಇಂಡೆಂಟು ಅಲ್ಲಿ ಪುಸ್ತಕದ ಬೇಡಿಕೆ ಚೀಟಿ.

ಬಲಗಡೆ ಪುಟ ತುಂಬುತ್ತ ಹೋದಂತೆ ಇದಕ್ಕಿಂತ ದೊಡ್ಡದೊಂದು ಸಂಗತಿ ಕಾಣಿಸಿತು. ಒಂದು ಮಧ್ಯಾಹ್ನ ಹೊಲಿಗೆ ಲೈನಿನ ಹೆಣ್ಣುಮಗಳೊಬ್ಬಳು ಓಡಿ ಬಂದು, "ಅಣ್ಣ, ತಿಳಿನೀಲಿ ಗುಂಡಿ ಬಿರ್ರನೆ ಕೊಡಣ್ಣ, ಲೈನು ನಿಂತೋಗದೆ" ಅಂದಳು. ತಿಳಿನೀಲಿ ಎಂದರೆ ನನ್ನ ಹತ್ತಿರ ನಾಲ್ಕು ಬಗೆ ಇದ್ದವು. "ಯಾವ ಅಂಗಿಗವ್ವ? ಕಾಲರಿಗೋ, ತೋಳಿಗೋ? ಬಟ್ಟೆ ಒಂದು ಚೂರು ತಂದಿದ್ದೀಯಾ?" ಎಂದು ಕೇಳಿದೆ. ಮೂರು ಪ್ರಶ್ನೆಗೆ ಅರ್ಧ ನಿಮಿಷ ಹಿಡಿಯಿತು. ಸರಿಯಾದ ಗುಂಡಿ ಮೊದಲ ಸಲಕ್ಕೇ ಅವಳ ಕೈಗೆ ಹೋಯಿತು. ಕೇಳದೆ ಅವಸರಕ್ಕೆ ಯಾವುದೋ ಒಂದನ್ನು ಕೊಟ್ಟಿದ್ದರೆ ಅವಳು ಮತ್ತೆ ಓಡಿ ಬರಬೇಕಿತ್ತು, ಬೈಸಿಕೊಳ್ಳಬೇಕಿತ್ತು.

ಜನ ಕೇಳುವುದೇ ಒಂದು, ಅವರಿಗೆ ಬೇಕಾಗಿರುವುದೇ ಒಂದು ಇರಬಹುದು. ಗ್ರಂಥಾಲಯಕ್ಕೆ ಬಂದ ಹುಡುಗ "ಇತಿಹಾಸದ ಬುಕ್ ಇದೆಯಾ?" ಎನ್ನುತ್ತಾನೆ. ಅವನನ್ನು ಕೂರಿಸಿಕೊಂಡು ಎರಡು ಮಾತು ಕೇಳಿದರೆ, ಅವನಿಗೆ ಬೇಕಿರುವುದು ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ನಡೆದ ಧ್ವಜ ಸತ್ಯಾಗ್ರಹದ ಬಗ್ಗೆ ನಾಳೆಗೆ ಒಪ್ಪಿಸಬೇಕಾದ ಎರಡು ಪುಟ ಎಂದು ಗೊತ್ತಾಗುತ್ತದೆ. ಓದುಗನ ಸಮಯ ಉಳಿಸಬೇಕೆಂಬುದು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಒಂದು. ಅದನ್ನು ನಾನು ಪಠ್ಯಪುಸ್ತಕದಲ್ಲಿ ಓದುವ ಮುಂಚೆಯೇ ಗುಂಡಿಯ ಡಬ್ಬಿಗಳ ನಡುವೆ ಕಲಿತಿದ್ದೆ. ಕಲಿತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ನಿಮ್ಮ ಕೆಲಸ ಯಾವುದೇ ಇರಲಿ, ಈ ಲೆಕ್ಕ ಹಾಕಿ ನೋಡಿ. ಹಾಲಿನ ಡೇರಿಯಲ್ಲಿ ಬೆಳಗಿನ ಜಾವ ಸಾಲು ನಿಂತವರ ಹಾಲು ಅಳೆದು, ಫ್ಯಾಟ್ ನೋಡಿ, ಒಬ್ಬರಿಗೂ ತಪ್ಪದಂತೆ ಬರೆದುಕೊಳ್ಳುವವರಿಗೆ ಇಶ್ಯೂ ಕೌಂಟರ್ ಹೊಸದಲ್ಲ. ಔಷಧಿ ಅಂಗಡಿಯಲ್ಲಿರುವವರಿಗೆ ಸಾವಿರಾರು ಪೊಟ್ಟಣಗಳನ್ನು ಕ್ರಮವಾಗಿ ಇಡುವುದೂ ಗೊತ್ತು, ಅವಧಿ ಮುಗಿದದ್ದನ್ನು ಬೇರೆ ತೆಗೆಯುವುದೂ ಗೊತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಓದು ಬಾರದವರಿಗೂ ವಿಷಯ ಅರ್ಥ ಮಾಡಿಸುತ್ತಾರೆ. ಇಂದಿನ ಹಳ್ಳಿಯ ಗ್ರಂಥಾಲಯಕ್ಕೆ ಬೇಕಾಗಿರುವುದು ಆ ಗುಣವೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳಾಗಿವೆ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಇವೆ. ಅಲ್ಲಿ ಪುಸ್ತಕ ಕಾಯುವವರು ಇದ್ದರೆ ಸಾಲದು, ಮಕ್ಕಳನ್ನು ಒಳಗೆ ಕರೆಯಬಲ್ಲವರು ಬೇಕು.

ಭಾನುವಾರದ ಎರಡು ಗಂಟೆ

ಪುಸ್ತಕ ಓದುವ ಪ್ರೀತಿ ಬೇರೆ, ಓದಿಸುವ ಪ್ರೀತಿ ಬೇರೆ. ಮೊದಲನೆಯದು ನನಗಿತ್ತು, ಎರಡನೆಯದನ್ನು ಬೆಳೆಸಿಕೊಳ್ಳಬೇಕಾಯಿತು. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ, ಭಾನುವಾರ ತೆರೆದಿರುತ್ತವೆ. ವಾರಕ್ಕೊಂದೇ ರಜೆ ಇರುವ ನಮ್ಮಂಥವರಿಗೆ ಇದು ವರ. ಪ್ರತಿ ಭಾನುವಾರ ಎರಡು ಗಂಟೆ ಒಂದು ಗ್ರಂಥಾಲಯದಲ್ಲಿ ಕುಳಿತುಕೊಳ್ಳುವುದೆಂದು ನಿಯಮ ಮಾಡಿಕೊಂಡೆ. ಒಂದು ವಾರ ಮದ್ದೂರು, ಒಂದು ವಾರ ಮಳವಳ್ಳಿ, ತಿಂಗಳಿಗೊಮ್ಮೆ ಮಂಡ್ಯ.

ಓದುಗನಾಗಿ ಹೋದಾಗ ಕಾಣದ್ದು, ಕೆಲಸ ಕಲಿಯಲು ಹೋದಾಗ ಕಾಣುತ್ತದೆ. ಪತ್ರಿಕೆಗಾಗಿ ಬೆಳಿಗ್ಗೆಯೇ ಬರುವ ವಯಸ್ಸಾದವರಿಗೆ ಬೆಳಕು ಎಲ್ಲಿ ಚೆನ್ನಾಗಿದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಯಾವ ಪುಸ್ತಕಕ್ಕೆ ಕಾದು ಕೂರುತ್ತಾರೆ, ಒಳಗೆ ಬಂದ ಹೆಣ್ಣುಮಕ್ಕಳು ಯಾಕೆ ಬೇಗ ಹೊರಟುಬಿಡುತ್ತಾರೆ, ಇವೆಲ್ಲ ನೋಟ್‌ಬುಕ್ಕಿಗೆ ಸೇರಿದವು. ಅಲ್ಲಿನ ಮೇಲ್ವಿಚಾರಕರಿಗೆ ಬಿಡುವಿದ್ದಾಗ ವಿನಯದಿಂದ ಕೇಳಿದರೆ, ಗೆದ್ದಲು ಹಿಡಿಯದಂತೆ ಏನು ಮಾಡುತ್ತಾರೆಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಡುತ್ತಿದ್ದರು. ನಮ್ಮ ಮನೆ ಕಂದಾಯದ ರಸೀದಿಯಲ್ಲಿರುವ ಗ್ರಂಥಾಲಯ ಕರ 1965ರ ಕಾಯ್ದೆಯಿಂದ ಬಂದದ್ದು ಎಂದು ನನಗೆ ತಿಳಿದದ್ದೂ ಹೀಗೆ ಮಾತಿಗೆ ಕೂತಾಗಲೇ. ಊರಿನವರೆಲ್ಲ ಕೊಟ್ಟ ಹಣದಿಂದ ನಡೆಯುವ ಜಾಗ ಎಂದು ಗೊತ್ತಾದ ಮೇಲೆ ಆ ಕೆಲಸದ ಮೇಲಿನ ಗೌರವ ಇನ್ನೊಂದು ಪಟ್ಟು ಹೆಚ್ಚಿತು.

ಅರ್ಹತೆಯ ವಿಚಾರದಲ್ಲಿ ಯಾವ ಭ್ರಮೆಯೂ ಬೇಡ. ಪದವಿ ಕಾಲೇಜಿನ ಗ್ರಂಥಪಾಲಕರಾಗಲು ಯುಜಿಸಿ ನಿಯಮದಂತೆ ಶೇ. 55 ಅಂಕಗಳ ಸ್ನಾತಕೋತ್ತರ ಪದವಿ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯ ಅರ್ಹತೆ ಸಾಮಾನ್ಯವಾಗಿ ಬೇಕಾಗುತ್ತದೆ. ಶಾಲೆ, ಪಿಯು ಕಾಲೇಜು, ಪಂಚಾಯಿತಿ ಗ್ರಂಥಾಲಯಗಳ ಅರ್ಹತೆ ಬೇರೆ ಬೇರೆ. ಪ್ರಕಟಣೆಯನ್ನು ಪೂರ್ತಿ ಓದದೆ ಅರ್ಜಿ ಹಾಕಬೇಡಿ. ಕೆಲಸ ಬಿಟ್ಟು ಓದುವ ಅನುಕೂಲ ಇಲ್ಲದವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ನಾನು ಓದಿದ್ದು ಬೆಳಿಗ್ಗೆ ಐದರಿಂದ ಆರೂವರೆವರೆಗೆ. ರಾತ್ರಿ ಓದುತ್ತೇನೆಂದುಕೊಂಡ ದಿನಗಳೆಲ್ಲ ಹಾಳಾದವು. ದಣಿದ ಮೈಗೆ ರಾತ್ರಿ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಕೋಹಾ, ಇ-ಗ್ರಂಥಾಲಯದಂಥ ತಂತ್ರಾಂಶಗಳನ್ನು ಕಣ್ಣಿನಿಂದಾದರೂ ಒಮ್ಮೆ ನೋಡಿ, ಬಳಸುವವರ ಪಕ್ಕ ಕುಳಿತು ಒಂದು ಪುಸ್ತಕವನ್ನಾದರೂ ಏರಿಸಿ. ನಾನೇ ಮಾಡಿದ್ದೇನೆ ಎಂದು ಹೇಳುವಾಗ ದನಿಗೆ ಬರುವ ಬಲವೇ ಬೇರೆ.

ರೇಷ್ಮೆಯ ಪುಸ್ತಕ ಎಲ್ಲಿಡುತ್ತೀರಿ?

ಒಂದೂವರೆ ವರ್ಷದ ಮೇಲೆ ಮಳವಳ್ಳಿಯ ಒಂದು ಪಿಯು ಕಾಲೇಜಿನಿಂದ ಕರೆ ಬಂತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ರಜೆ ಹಾಕುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. "ಸಾರ್, ಸ್ವಂತ ಕೆಲಸಕ್ಕೆ ಒಂದು ದಿನ ರಜೆ ಬೇಕು. ಮುಂದೆ ವಿಷಯ ಗಟ್ಟಿಯಾದರೆ ಮೊದಲು ನಿಮಗೇ ಹೇಳ್ತೀನಿ" ಎಂದು ನಮ್ಮ ಮ್ಯಾನೇಜರಿಗೆ ಹೇಳಿದೆ. ಎಲ್ಲವನ್ನೂ ಮೊದಲೇ ಹೇಳಿಕೊಳ್ಳಬೇಕಾಗಿಲ್ಲ, ಆದರೆ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಸುಳ್ಳಿನ ಭಾರ ಹೊತ್ತು ಸಂದರ್ಶನದ ಕುರ್ಚಿಯಲ್ಲಿ ಕೂತರೆ ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ.

ಈ ಸಲವೂ ಅದೇ ಪ್ರಶ್ನೆ ಬಂತು. "ಹತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಇದ್ದೀರಿ. ಇಲ್ಲಿಗೆ ಯಾಕೆ ಬರ್ತೀರಿ?"

ನಾನು ಬಿನ್ ಕಾರ್ಡಿನ ವಿಷಯ ಹೇಳಿದೆ. ತಿಳಿನೀಲಿ ಗುಂಡಿಯ ವಿಷಯ ಹೇಳಿದೆ. ಹಳೆಯ ಜಾಗದ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಉಂಡ ಮನೆಯನ್ನು ಹೊರಗೆ ನಿಂತು ಹಳಿಯುವವನು ನಾಳೆ ನಮ್ಮನ್ನೂ ಹಳಿಯುತ್ತಾನೆ ಎಂದು ಕೇಳಿಸಿಕೊಳ್ಳುವವರಿಗೆ ಗೊತ್ತಿರುತ್ತದೆ.

ಆಗ ಸಮಿತಿಯಲ್ಲಿದ್ದ ಮೇಡಂ ಒಬ್ಬರು ಕೇಳಿದರು: "ಇದು ರೇಷ್ಮೆ ಬೆಳೆಯುವ ಸೀಮೆ. ರೇಷ್ಮೆ ಮೇಲಿನ ಪುಸ್ತಕ ಬಂದರೆ ಡ್ಯೂಯಿ ವರ್ಗೀಕರಣದ ಪ್ರಕಾರ ಎಲ್ಲಿಡ್ತೀರಿ?"

"ಪುಸ್ತಕ ತೆರೆದು ನೋಡಿ ಹೇಳಬೇಕು ಮೇಡಂ. ಹುಳು ಸಾಕೋದನ್ನ ಹೇಳಿದ್ದರೆ 638.2. ರೇಷ್ಮೆ ಬಟ್ಟೆ, ನೇಯ್ಗೆ ವಿಷಯ ಆದರೆ 677ರಲ್ಲಿ. ಒಂದೇ ರೇಷ್ಮೆ, ಆದರೆ ಹುಡುಕಿ ಬರೋರು ಬೇರೆ ಬೇರೆ. ಕಬ್ಬೂ ಹಾಗೇ. ಬೆಳೆಯೋರಿಗೆ 633.61, ಸಕ್ಕರೆ ಮಾಡೋರಿಗೆ 664ರಲ್ಲಿ."

ಅವರು ಮುಗುಳ್ನಕ್ಕು ಎನ್-ಲಿಸ್ಟ್ ಎಂಬ ಇ-ಸಂಪನ್ಮೂಲದ ಬಗ್ಗೆ ಒಂದು ಸೂಕ್ಷ್ಮ ಪ್ರಶ್ನೆ ಕೇಳಿದರು. ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಮೇಡಂ. ಹೆಸರು ಕೇಳಿದ್ದೀನಿ, ಬಳಸಿಲ್ಲ. ಎಲ್ಲಿ ಹುಡುಕಬೇಕು ಅಂತ ಗೊತ್ತು" ಎಂದೆ. ಗ್ರಂಥಪಾಲಕನಾಗುವವನಿಗೆ ಎಲ್ಲವೂ ಗೊತ್ತಿರಬೇಕೆಂದು ಯಾರೂ ಬಯಸುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸಿಕೊಂಡು ಓದುಗನನ್ನು ತಪ್ಪು ಕಪಾಟಿಗೆ ಕಳಿಸುವವನನ್ನು ಮಾತ್ರ ಯಾರೂ ಬಯಸುವುದಿಲ್ಲ.

ಸಂಬಳದ ಮಾತು ಬಂದಾಗ ನಾಚಿಕೊಳ್ಳಬೇಡಿ. ಮನೆಯಲ್ಲಿ ಕೂತು ಮೊದಲೇ ಲೆಕ್ಕ ಹಾಕಿರಿ. ಖಾಸಗಿ ಸಂಸ್ಥೆಗಳಲ್ಲಿ ಗ್ರಂಥಪಾಲಕರಿಗೆ ಕೊಡುವುದು ಎಷ್ಟೋ ಸಲ ಈಗಿನ ಸಂಬಳಕ್ಕಿಂತ ಕಡಿಮೆ ಇರುತ್ತದೆ. ಎಷ್ಟಕ್ಕೆ ಇಳಿದರೆ ಸಂಸಾರ ನಡೆಯುತ್ತದೆ, ಎಷ್ಟು ತಿಂಗಳಿಗೆ ಕೂಡಿಟ್ಟದ್ದಿದೆ ಎಂದು ಹೆಂಡತಿ, ಅಥವಾ ಗಂಡ, ಅಪ್ಪ ಅಮ್ಮನ ಜೊತೆ ಮಾತಾಡಿ ಒಂದು ಅಂಕಿ ಗಟ್ಟಿ ಮಾಡಿಕೊಂಡು ಹೋಗಿ. ಮನೆಯವರ ಒಪ್ಪಿಗೆ ಇಲ್ಲದ ಆದರ್ಶ ಮೂರು ತಿಂಗಳು ನಿಲ್ಲುವುದಿಲ್ಲ.

ಹುದ್ದೆ ಸಿಗದಿದ್ದರೆ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಅವರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ದುಡಿದ ಹಣದಲ್ಲಿ ಪುಸ್ತಕ ಕೊಂಡರು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿ ಪುಸ್ತಕಕ್ಕೇ ಹಾಕಿದರು. ಲಕ್ಷಾಂತರ ಪುಸ್ತಕಗಳ ಆ ಮನೆಗೆ ಯಾರು ಬೇಕಾದರೂ ಹೋಗಬಹುದು, ಶುಲ್ಕವಿಲ್ಲ. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಯಾವ ಸಂದರ್ಶನ ಸಮಿತಿಯೂ ಅವರನ್ನು ಗ್ರಂಥಪಾಲಕರೆಂದು ಆರಿಸಲಿಲ್ಲ. ಬೇರೆ ಕೆಲಸ ಮಾಡುತ್ತಲೇ ಅವರು ಆ ಬದುಕನ್ನು ಬದುಕಿದರು.

ಎಲ್ಲರೂ ಅಂಕೇಗೌಡರಾಗಲು ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಹುದ್ದೆ ಸಿಕ್ಕ ಮೇಲೆ ಸೇವೆ ಶುರು ಮಾಡುತ್ತೇನೆ ಎನ್ನುವವರು ಒಮ್ಮೆ ಹರಳಹಳ್ಳಿಗೆ ಹೋಗಿ ಬರಲಿ. ನಿಮ್ಮ ಫ್ಯಾಕ್ಟರಿಯ ಊಟದ ಕೋಣೆಯಲ್ಲಿ ಇಪ್ಪತ್ತು ಪುಸ್ತಕದ ಒಂದು ಕಪಾಟು ಇಡಿ. ಊರಿನ ಅರಿವು ಕೇಂದ್ರದಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಸಂದರ್ಶನದಲ್ಲಿ ಹೇಳಲು ವಿಷಯವಂತೂ ಆಯಿತು. ಸಂದರ್ಶನ ಕೈಕೊಟ್ಟರೂ ಆ ಮಕ್ಕಳ ಓದು ನಿಲ್ಲುವುದಿಲ್ಲ.

ಕೊನೆಯ ಸಾಲಿನ ಸಹಿ

ಮಳವಳ್ಳಿಯ ಕೆಲಸ ನನಗೆ ಸಿಕ್ಕಿತು. ಕೊಟ್ಟ ಮಾತಿನಂತೆ ಮರುದಿನವೇ ನಮ್ಮ ಮ್ಯಾನೇಜರಿಗೆ ಹೇಳಿದೆ. ಒಂದು ತಿಂಗಳ ನೋಟಿಸು ಕೊಟ್ಟು, ನನ್ನ ಜಾಗಕ್ಕೆ ಬಂದ ಹುಡುಗನಿಗೆ ದಿನವೂ ಒಂದು ರ‍್ಯಾಕು ತೋರಿಸಿದೆ. ಯಾವ ಡಬ್ಬಿಯಲ್ಲಿ ಏನಿದೆ, ಯಾವ ಗುಂಡಿ ಯಾವ ಶೇಡಿಗೆ ಹೋಗುತ್ತದೆ, ಯಾರು ಏನು ಕೇಳಿದರೆ ಅವರಿಗೆ ನಿಜವಾಗಿ ಏನು ಬೇಕಿರುತ್ತದೆ ಎಂದೆಲ್ಲ ಬರೆದು ಒಂದು ಪುಸ್ತಕ ಮಾಡಿ ಅವನ ಕೈಗೆ ಕೊಟ್ಟೆ. ಈಗ ಯೋಚಿಸಿದರೆ, ನಾನು ಸಿದ್ಧಪಡಿಸಿದ ಮೊದಲ ಕ್ಯಾಟಲಾಗು ಅದೇ.

ಕೊನೆಯ ದಿನ ಸಂಜೆ ರ‍್ಯಾಕುಗಳ ನಡುವೆ ಒಮ್ಮೆ ನಡೆದು, ಬಿನ್ ಕಾರ್ಡುಗಳನ್ನು ಒಂದೊಂದಾಗಿ ತಾಳೆ ನೋಡಿ, ಬಾಕಿ ಬರೆದು ಸಹಿ ಹಾಕಿದೆ. ಎಲ್ಲವೂ ಸರಿಹೋಯಿತು. ಹುಡುಗ ಕೇಳಿದ: "ಅಣ್ಣ, ಹೋಗೋರು ಇಷ್ಟೆಲ್ಲ ಯಾಕೆ ನೋಡ್ತೀರಿ?"

"ನಾಳೆ ಲೈನು ನಿಲ್ಲಬಾರದಲ್ಲಪ್ಪ" ಎಂದೆ.

ಮರುದಿನ ಬೆಳಿಗ್ಗೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದಾಗ ನನ್ನ ಬೆನ್ನಿನ ಮೇಲೆ ಯಾವ ಬಾಕಿಯೂ ಇರಲಿಲ್ಲ. ಕಾಲೇಜಿನ ಗ್ರಂಥಾಲಯದ ಬೀಗ ತೆಗೆದು, ಧೂಳು ಒರೆಸಿ, ಅಕ್ಸೆಷನ್ ರಿಜಿಸ್ಟರ್ ತೆರೆದು, ಹಿಂದಿನವರು ಸಹಿ ಹಾಕಿದ್ದ ಕೊನೆಯ ಸಾಲಿನ ಕೆಳಗೆ ಆ ದಿನದ ತಾರೀಖು ಬರೆದೆ.